ತೋಟಿಯ ಮಗ ಮತ್ತು ಪೇಟೆಯ ಕಸ

ಮಲಯಾಳದಲ್ಲಿ 'ಮಾಲಿನ್ಯಂ' ಎಂದರೆ ಮನೆಯಿಂದ ಹೊರಹಾಕುವ ಕಸ. ಕನ್ನಡದ 'ಮಾಲಿನ್ಯ' ನೀರಿಗೋ ಗಾಳಿಗೋ ಮನಸ್ಸಿಗೋ ತಗಲಿದ ಕೊಳೆ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇಂತಹ ಪದಗಳು ದಿನವೂ ಎದುರಾಗುತ್ತವೆ. ಆದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಉಳಿದಿರುವ ಒಂದು ಪದವಿದೆ, ಅದು 'ತೋಟಿ'. ಕನ್ನಡ ನಾಡಿನ ಹಳ್ಳಿಗಳಲ್ಲಿ ತೋಟಿಯೆಂದರೆ ಆಯಗಾರರಲ್ಲೊಬ್ಬ; ಬೆಳೆ ಕಾಯುವವ, ಹೊಲಗಳ ಗಡಿ ಬಲ್ಲವ, ಊರಿನ ಓಲೆ ಒಯ್ಯುವವ. ಮದ್ರಾಸ್ ಪ್ರಾಂತದ ಮುನಿಸಿಪಾಲಿಟಿಗಳಲ್ಲಿ ಅದೇ ಹೆಸರು ಕಕ್ಕಸು ಬಳಿಯುವವನಿಗೆ ಅಂಟಿಕೊಂಡಿತು. ಮಲಯಾಳದ 'ತೋಟ್ಟಿ' ಎಂಬ ಮಾತಿಗೆ ಈ ಎರಡನೆಯ ಅರ್ಥವೇ ಪ್ರಸಿದ್ಧವಾಗಿದೆ. ಗಡಿ ಕಾಯುತ್ತಿದ್ದವನ ಹೆಸರು ಮಲ ಹೊರುವವನ ಹೆಸರಾದದ್ದು ಪೇಟೆಗಳು ಬೆಳೆದ ಕಾಲದಲ್ಲಿ.

ಒಂದು ಪೇಟೆಯ ಕಸದ ಚರಿತ್ರೆಯನ್ನು ಬರೆಯಹೊರಟರೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಆ ಕಸವನ್ನು ಎತ್ತಿದವರು ಯಾರು? ಅದು ಹೋಗಿ ಬಿದ್ದದ್ದು ಯಾರ ಊರಿನಲ್ಲಿ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ನಾನು ಕೇರಳದ ಒಂದು ಪೇಟೆಯ ಕತೆಯನ್ನು ಇಲ್ಲಿ ಹೇಳುತ್ತೇನೆ. ಅದು ಆಲಪ್ಪುಳ. ಅದನ್ನೇ ಆರಿಸಿಕೊಳ್ಳಲು ಕಾರಣ, ಅಲ್ಲಿಯ ತೋಟಿಗಳ ಬಾಳು ಮಲಯಾಳದ ಒಂದು ಕಾದಂಬರಿಯಲ್ಲಿ ದಾಖಲಾಗಿದೆ. ಮತ್ತು ಕಸವನ್ನು ಮನೆಯಲ್ಲಿಯೇ ವಿಂಗಡಿಸಬೇಕೆಂಬ ಮಾತು ಕೇರಳದಲ್ಲಿ ಇಂದು ಮನೆಮನೆಗೆ ತಲಪಿರುವುದಕ್ಕೂ ಆ ಪೇಟೆಗೂ ನಿಕಟವಾದ ಸಂಬಂಧವಿದೆ.

ಆಲಪ್ಪುಳ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರು ಬೆಳೆಸಿದ ಬಂದರು. ಸರಕು ಸಾಗಿಸಲು ಕಾಲುವೆಗಳನ್ನು ತೋಡಲಾಯಿತು. ಗುಜರಾತಿ ವರ್ತಕರು ಬಂದರು, ಕೊಂಕಣಿಗರು ನೆಲಸಿದರು. 1859ರಲ್ಲಿ ಜೇಮ್ಸ್ ಡಾರಾ ಎಂಬಾತ ನಾರಿನ ಹಾಸು ನೇಯುವ ಕಾರ್ಖಾನೆ ತೆರೆದ ಮೇಲೆ ಕೂಲಿಗಾರರ ಪೇಟೆಯೂ ಆಯಿತು. ಆದರೆ ಕಡಲಿಗೂ ವೇಂಬನಾಡು ಹಿನ್ನೀರಿಗೂ ನಡುವಿನ ಮರಳುಪಟ್ಟಿಯದು. ಎರಡು ಮೊಳ ಅಗೆದರೆ ನೀರು. ಹೂಳಲು ಆಳವಿಲ್ಲ, ಸುರಿಯಲು ನಮ್ಮ ಕಡೆಯಂತೆ ಗುಡ್ಡವೂ ಇಲ್ಲ.

ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯಲು ನಮ್ಮ ತೋಟದ ಮನೆಗಳನ್ನು ನೆನೆದರೆ ಸಾಕು. ಅಲ್ಲಿ ಕಸ ಎಂಬ ಬೇರೆ ವಸ್ತುವೇ ಇರಲಿಲ್ಲವೆಂದರೂ ಸಲ್ಲುತ್ತದೆ. ಅಕ್ಕಚ್ಚು ದನಕ್ಕೆ, ಉಂಡ ಬಾಳೆಲೆ ಗೊಬ್ಬರದ ಗುಂಡಿಗೆ, ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಅಡಿಕೆಯ ಬುಡಕ್ಕೆ. ಎಲ್ಲದಕ್ಕೂ ಹೋಗುವ ದಾರಿಯೊಂದಿತ್ತು. ಭೂಮಿ ಇದ್ದವರಿಗೆ ಈ ದಾರಿ. ಆರು ಸೆಂಟ್ಸಿನಲ್ಲಿ ಮನೆ ಕಟ್ಟಿ, ಪಕ್ಕದಲ್ಲಿ ಬಾವಿ ತೋಡಿ ಬದುಕುವ ಪೇಟೆಯವನಿಗೆ ಆ ದಾರಿ ಮುಚ್ಚಿಹೋಗುತ್ತದೆ. ಅವನಿಗೆ ಬೇರೆಯವರ ಕೈ ಬೇಕು, ಬೇರೆಯವರ ಭೂಮಿ ಬೇಕು.

ಆಲಪ್ಪುಳದಲ್ಲಿ ಆ ಕೈ ತಮಿಳು ಕುಟುಂಬಗಳದಾಗಿತ್ತು. ತಕಳಿ ಶಿವಶಂಕರ ಪಿಳ್ಳೆಯವರು 1947ರಲ್ಲಿ ಪ್ರಕಟಿಸಿದ 'ತೋಟ್ಟಿಯುಡೆ ಮಗನ್' ಅವರದೇ ಕತೆ. ಹೆಸರನ್ನು ಕನ್ನಡಕ್ಕೆ ತರಲು ಶ್ರಮವೇ ಬೇಡ, 'ತೋಟಿಯ ಮಗ'. ಇಶುಕ್ಕುಮುತ್ತು, ಚುಡಲಮುತ್ತು, ಮೋಹನನ್ ಎಂಬ ಮೂರು ತಲೆಮಾರಿನವರು ಅಲ್ಲಿ ಬರುತ್ತಾರೆ. ನಡುವಿನವನಾದ ಚುಡಲಮುತ್ತುವಿಗೆ ಒಂದೇ ಹಂಬಲ. ತನ್ನ ಮಗ ತೋಟಿಯಾಗಬಾರದು. ಅದಕ್ಕಾಗಿ ಮಗನಿಗೆ ತೋಟಿಗಳ ಕೇರಿಯಲ್ಲಿ ಕೇಳದಂತಹ ಹೆಸರಿಡುತ್ತಾನೆ, ಹಣ ಕೂಡಿಡುತ್ತಾನೆ, ತನ್ನವರಿಂದಲೇ ದೂರ ಸರಿಯುತ್ತಾನೆ. ಕೊನೆಗೆ ಕಾಲರಾ ಅವನನ್ನು ಒಯ್ಯುತ್ತದೆ. ಮಗ ಬಕೆಟ್ಟು ಹಿಡಿಯುತ್ತಾನೆ. ಪೇಟೆಯನ್ನು ಶುಚಿಯಾಗಿಟ್ಟವರೇ ಪೇಟೆಯ ರೋಗಕ್ಕೆ ಮೊದಲು ಬಲಿಯಾಗುತ್ತಿದ್ದರು ಎಂಬ ಸತ್ಯವನ್ನು ಮುನಿಸಿಪಾಲಿಟಿಯ ಕಡತಗಳಿಗಿಂತ ಈ ಕಾದಂಬರಿ ಸ್ಪಷ್ಟವಾಗಿ ಹೇಳುತ್ತದೆ.

ಇದು ತಿರುವಾಂಕೂರಿನ ಮಾತು ಮಾತ್ರವೆಂದು ನಾವು ತಿಳಿಯಬೇಕಾಗಿಲ್ಲ. 1956ರ ವರೆಗೆ ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮಂಗಳೂರು ಪೇಟೆಯ ಗುಡಿಸುವ ಕೆಲಸಕ್ಕೆ ಕೊರಗರನ್ನು ಹಚ್ಚಲಾಗಿತ್ತು. ಬುಟ್ಟಿ ಹೆಣೆಯುವ ಕೈಗಳಿಗೆ ಮುನಿಸಿಪಾಲಿಟಿ ಪೊರಕೆ ಕೊಟ್ಟಿತು. ಊರು ಬೇರೆಯಾದರೂ ಕೆಲಸ ಹಂಚುವ ಕ್ರಮ ಒಂದೇ. ಜಾತಿ ನೋಡಿ ಹಂಚುವುದು.

ಆ ಕಾಲದ ಪೇಟೆಯ ಕಸಕ್ಕೆ ಒಂದು ಗುಣವಿತ್ತು. ಅದು ಕೊಳೆಯುತ್ತಿತ್ತು, ಕೊಳೆತು ಗೊಬ್ಬರವಾಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರ ಸುಮಾರಿಗೆ ಪೇಟೆಯ ಕಸವನ್ನೂ ಮಲವನ್ನೂ ಕಂದಕಗಳಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಕೆಲವು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಅದು 'ಬೆಂಗಳೂರು ವಿಧಾನ' ಎಂದೇ ಪುಸ್ತಕಗಳಲ್ಲಿ ನಿಂತಿದೆ. ನಮ್ಮ ಗೊಬ್ಬರದ ಗುಂಡಿಯನ್ನು ಪೇಟೆಯ ಅಳತೆಗೆ ಹಿಗ್ಗಿಸಿದ ಪ್ರಯತ್ನವದು. ಆದರೆ ಆ ಗುಂಡಿಗೂ ಮಲವನ್ನು ಹೊತ್ತು ತರುವವನೊಬ್ಬ ಬೇಕಾಗಿತ್ತು.

ತೋಟಿಯ ಕೆಲಸಕ್ಕೆ ಕೊನೆ ಬಂದದ್ದು ನಿಧಾನವಾಗಿ. ಕರ್ನಾಟಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆಲ್ಲ ಅನ್ವಯಿಸುವಂತಹ ಕಾನೂನು 1993ರಲ್ಲಿ ಬಂತು, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಅಷ್ಟರಲ್ಲಿ ಮನೆಗಳಿಗೆ ಗುಂಡಿ ಕಕ್ಕಸು ಬಂದಿತ್ತು. ಅದರ ಜೊತೆಗೆ ಪ್ಲಾಸ್ಟಿಕ್ಕೂ ಬಂದಿತ್ತು. ಮೀನಿನ ತಲೆ, ಅನ್ನದ ಅಗುಳು, ಹಾಲಿನ ಲಕೋಟೆ, ಒಡೆದ ಬಲ್ಬು ಎಲ್ಲವೂ ಒಂದೇ ತೊಟ್ಟೆಯೊಳಗೆ ಸೇರಿ, ಗಂಟು ಬಿಗಿದುಕೊಂಡು ಹೊರಬಿದ್ದವು. ಗೊಬ್ಬರವಾಗುವ ವಸ್ತುವೂ ಆಗದ ವಸ್ತುವೂ ಬೆರೆತ ದಿನ ಪೇಟೆಯ ಕಸ ಯಾವ ಉಪಯೋಗಕ್ಕೂ ಬಾರದಾಯಿತು. ಇನ್ನು ಅದಕ್ಕೆ ಉಳಿದ ದಾರಿ ಒಂದೇ, ಲಾರಿ ಹತ್ತಿ ಬೇರೊಂದು ಊರಿಗೆ ಹೋಗುವುದು.

ಆಲಪ್ಪುಳದ ಲಾರಿಗಳು ಪೇಟೆಯ ಉತ್ತರಕ್ಕಿರುವ ಮಾರಾರಿಕ್ಕುಳಂ ದಕ್ಷಿಣ ಪಂಚಾಯತಿನ ಸರ್ವೋದಯಪುರಕ್ಕೆ ಹೋಗುತ್ತಿದ್ದವು. ಎಲ್ಲರ ಏಳಿಗೆ ಎಂಬ ಹೆಸರು ಹೊತ್ತ ಊರು ಒಂದು ಪೇಟೆಯ ಎಂಜಲನ್ನು ಹೊತ್ತುಕೊಂಡಿತು. ದಿನಕ್ಕೆ ಸುಮಾರು 58 ಟನ್ ಕಸದಲ್ಲಿ 50 ಟನ್ನಿನಷ್ಟು ಅಲ್ಲಿಗೆ ಹೋಗುತ್ತಿತ್ತು. ಬಾವಿಯ ನೀರು ಕೆಟ್ಟಿತು, ನೊಣ ನಾತಗಳ ನಡುವೆ ಊರವರ ಊಟ ನಡೆಯಿತು. ಕೊನೆಗೆ ಊರವರು ಲಾರಿಗಳನ್ನು ತಡೆದರು.

ಅವರು ಒಬ್ಬಂಟಿಗಳಾಗಿರಲಿಲ್ಲ. ತಿರುವನಂತಪುರ ನಗರಸಭೆ 2000ದಲ್ಲಿ ವಿಳಪ್ಪಿಲ್‌ಶಾಲ ಎಂಬ ಹಳ್ಳಿಯಲ್ಲಿ ಕಸದಿಂದ ಗೊಬ್ಬರ ಮಾಡುವ ದೊಡ್ಡ ಘಟಕವೊಂದನ್ನು ತೆರೆದಿತ್ತು. ವಿಂಗಡಿಸದೆ ಬಂದ ಕಸ ಬೆಟ್ಟವಾಯಿತು, ಅದರಿಂದಿಳಿದ ಕಪ್ಪು ರಸ ತೋಡಿಗೆ ಸೇರಿತು. 2011ರ ದಶಂಬರದಲ್ಲಿ ಆ ಪಂಚಾಯತು ಘಟಕಕ್ಕೆ ಬೀಗ ಜಡಿಯಿತು. 2012ರಲ್ಲಿ ಪೋಲೀಸರ ಕಾವಲಿನಲ್ಲಿ ಲಾರಿಗಳು ಬಂದಾಗ ಹೆಂಗಸರು ಮಕ್ಕಳೆನ್ನದೆ ಜನ ರಸ್ತೆಗಿಳಿದರು, ಲಾರಿಗಳು ಹಿಂದಿರುಗಿದವು. ನನ್ನ ದೃಷ್ಟಿಯಲ್ಲಿ ಕೇರಳದ ಕಸದ ಚರಿತ್ರೆ ತಿರುಗಿದ್ದು ಇಲ್ಲಿ. ಅದುವರೆಗೆ ಹಳ್ಳಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಹಳ್ಳಿ ಒಲ್ಲೆನೆಂದ ದಿನ ಪೇಟೆ ತನ್ನ ಕಸದ ಮುಖವನ್ನು ತಾನೇ ನೋಡಬೇಕಾಯಿತು.

ಆಲಪ್ಪುಳ ನೋಡಿದ್ದು ಹೀಗೆ. ಲಾರಿ ನಿಂತ ಮೇಲೆ ಕಾಲುವೆಯ ದಂಡೆಗಳಲ್ಲಿ ಕಸ ಕೊಳೆತು ಊರು ನಾರಿತು. 2012ರ ನವಂಬರದಲ್ಲಿ ನಗರಸಭೆ 'ನಿರ್ಮಲ ಭವನಂ, ನಿರ್ಮಲ ನಗರಂ' ಎಂಬ ಯೋಜನೆಯನ್ನು ಆರಂಭಿಸಿತು. ಆ ಕ್ಷೇತ್ರದ ಶಾಸಕರಾಗಿದ್ದ ಟಿ. ಎಂ. ಥಾಮಸ್ ಐಸಾಕ್ ಇದರ ಮುಂದಾಳುಗಳಲ್ಲೊಬ್ಬರು. ಆಗ ಇದ್ದ 52 ವಾರ್ಡುಗಳ ಪೈಕಿ ಮೊದಲು 12ರಲ್ಲಿ ಕೆಲಸ ನಡೆಯಿತು. ಕೊಳೆಯುವ ಕಸ ಮನೆಯ ಗೇಟು ದಾಟಬಾರದು ಎಂಬುದು ತತ್ತ್ವ. ಅದಕ್ಕೆಂದು ಸಹಾಯಧನ ಕೊಟ್ಟು ಮನೆಗಳಿಗೆ ಗೋಬರ್ ಗ್ಯಾಸಿನಂತಹ ಸಣ್ಣ ಅನಿಲ ಸ್ಥಾವರಗಳನ್ನು ಹಂಚಿದರು. ಅದಕ್ಕೂ ಜಾಗವಿಲ್ಲದವರಿಗೆ ಎರಡು ಪೈಪುಗಳು. ನೆಲದಲ್ಲಿ ಸ್ವಲ್ಪ ಹೂತು, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹಾಕುವುದು, ಅಷ್ಟರಲ್ಲಿ ಮೊದಲನೆಯದು ಗೊಬ್ಬರವಾಗಿರುತ್ತದೆ.

ಇದಾವುದೂ ಸಾಧ್ಯವಿಲ್ಲದವರಿಗೆ ಬೀದಿಯಲ್ಲಿ ಸಾಮೂಹಿಕ ಪೆಟ್ಟಿಗೆಗಳು. ತೃಶ್ಶೂರು ಜಿಲ್ಲೆಯ ತುಂಬೂರ್‌ಮುಳಿ ಎಂಬಲ್ಲಿ ಕೇರಳ ಪಶುವೈದ್ಯ ವಿಶ್ವವಿದ್ಯಾನಿಲಯದವರು ರೂಪಿಸಿದ ಕ್ರಮವದು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ, ಗಾಳಿಯಾಡುವ ಪೆಟ್ಟಿಗೆ. ಅಡಿಯಲ್ಲಿ ಹಸಿ ಸೆಗಣಿ, ಮೇಲೆ ಒಣಗಿದ ಎಲೆ, ಅದರ ಮೇಲೆ ಅಡುಗೆಮನೆಯ ಕಸ, ಮತ್ತೆ ಸೆಗಣಿ. ಒಳಗೆ ಕಾವು ಏರಿ ಮೂರು ತಿಂಗಳಲ್ಲಿ ಗೊಬ್ಬರ; ನಾತವಿಲ್ಲ. ಹಿಂದೆ ಕಸ ಎಸೆಯುತ್ತಿದ್ದ ಮೂಲೆಗಳಲ್ಲಿಯೇ ಈ ಪೆಟ್ಟಿಗೆಗಳನ್ನು ಇಟ್ಟರು. ನಮ್ಮ ಹಟ್ಟಿಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಸೊಪ್ಪು ಮತ್ತು ಸೆಗಣಿಯ ಹಳೆಯ ನಂಟೇ ಪೇಟೆಯ ಬೀದಿಗೆ ಬಂದಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2017ರಲ್ಲಿ ಲೋಕದ ಐದು ಮಾದರಿ ನಗರಗಳನ್ನು ಹೆಸರಿಸುವಾಗ ಜಪಾನಿನ ಒಸಾಕದಂತಹ ಊರಿನ ಸಾಲಿನಲ್ಲಿ ಆಲಪ್ಪುಳವನ್ನೂ ಸೇರಿಸಿತು.

ದೂರಕ್ಕೆ ಸಾಗಿಸುವ ಹಳೆಯ ಪದ್ಧತಿಗೆ ಅಂಟಿಕೊಂಡ ನಗರಗಳ ಕತೆಯನ್ನೂ ಇಲ್ಲಿಯೇ ಹೇಳಬೇಕು. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರ ಎಂಬಲ್ಲಿಯ ಅಡಿಕೆ ತೆಂಗಿನ ತೋಟಗಳನ್ನೂ ಮನೆಗಳನ್ನೂ ಮುಚ್ಚಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ನಮ್ಮದೇ ತೋಟಗಳಂತಹ ತೋಟಗಳವು. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದಲ್ಲಿ ಕಸದ ರಾಶಿಗೆ ಬೆಂಕಿ ಹಿಡಿಯಿತು. ಹತ್ತು ದಿನಗಳಿಗೂ ಮೇಲ್ಪಟ್ಟು ನಗರವೇ ಹೊಗೆಯಲ್ಲಿ ಮುಳುಗಿತು. ರಾಷ್ಟ್ರೀಯ ಹಸಿರು ನ್ಯಾಯಪೀಠ ಕೊಚ್ಚಿ ನಗರಸಭೆಗೆ 100 ಕೋಟಿ ರೂಪಾಯಿ ದಂಡ ವಿಧಿಸಿತು. ಕಣ್ಣಿಗೆ ಕಾಣದಷ್ಟು ದೂರಕ್ಕೆ ಕಳುಹಿಸಿದ್ದು ಹೊಗೆಯಾಗಿ ಮರಳಿ ಬಂದಿತ್ತು.

ಮನೆಯಲ್ಲಿ ಕೊಳೆಯದೆ ಉಳಿಯುವ ಒಣ ಕಸವನ್ನು ಸಂಗ್ರಹಿಸಲು ಕೇರಳದಲ್ಲಿ 'ಹರಿತ ಕರ್ಮ ಸೇನೆ' ಹುಟ್ಟಿತು. ಕುಟುಂಬಶ್ರೀಯ ಮಹಿಳೆಯರು ಮನೆಮನೆಗೆ ಬಂದು, ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಒಯ್ಯುತ್ತಾರೆ. ಗಾಜು, ಚಪ್ಪಲಿ, ಹಳೆ ಬಟ್ಟೆ, ಕೆಟ್ಟ ವಿದ್ಯುತ್ ಉಪಕರಣಗಳಿಗೆ ತಿಂಗಳುಗಳ ಪಟ್ಟಿಯಿದೆ. ಒಯ್ದದ್ದನ್ನು ಮತ್ತೆ ವಿಂಗಡಿಸಿ, ಮಾರುವಂತಹುದನ್ನು ಮಾರಿ, ಉಳಿದ ಪ್ಲಾಸ್ಟಿಕ್ಕಿನಲ್ಲಿ ಒಂದಂಶವನ್ನು ಪುಡಿಮಾಡಿ ಡಾಮರು ರಸ್ತೆಗೆ ಬಳಸುತ್ತಾರೆ. ಮನೆಯವರು ಕೊಡುವ ತಿಂಗಳ ಶುಲ್ಕವೇ ಈ ಮಹಿಳೆಯರ ಆದಾಯದ ಮುಖ್ಯ ಭಾಗ.

ಇಲ್ಲಿ ನಮ್ಮ ಗಡಿನಾಡಿಗೆ ಸಂಬಂಧಿಸಿದ ಮಾತೊಂದಿದೆ. ವಿಂಗಡಿಸುವುದು ಕೈಯ ಕೆಲಸವಾಗುವ ಮೊದಲು ಓದಿನ ಕೆಲಸ. ಯಾವುದು ಯಾವ ಚೀಲಕ್ಕೆ, ಯಾವ ತಿಂಗಳು ಯಾವ ವಸ್ತು ಎಂಬುದನ್ನು ಓದಿ ತಿಳಿಯಬೇಕು. ನಮ್ಮ ಮನೆಗೆ ಬಂದ ಪಟ್ಟಿ ಮಲಯಾಳದಲ್ಲಿ ಮಾತ್ರವಿತ್ತು. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯ ಹೆಂಗಸರಿಗೆ ಅದು ಗೋಡೆಗೆ ಅಂಟಿಸಿದ ಚಿತ್ರ. ಮನೆಯ ಕಸವನ್ನು ನಿಜವಾಗಿ ವಿಂಗಡಿಸುವವರು ಅವರೇ. ಅವರ ಭಾಷೆಯಲ್ಲಿ ಹೇಳದಿದ್ದರೆ ಎಷ್ಟು ಒಳ್ಳೆಯ ಯೋಜನೆಯೂ ಅರ್ಧಕ್ಕೆ ನಿಲ್ಲುತ್ತದೆ. ಒಂದು ಹಾಳೆಯ ಇನ್ನೊಂದು ಮಗ್ಗುಲಲ್ಲಿ ಕನ್ನಡವನ್ನೂ ಅಚ್ಚು ಮಾಡುವುದು ಕಷ್ಟದ ಕೆಲಸವಲ್ಲ. ಅದನ್ನು ಕೇಳುವುದು ನಮ್ಮ ಹಕ್ಕು. ಆದರೆ ಪಟ್ಟಿ ಓದಲಾಗಲಿಲ್ಲವೆಂಬ ನೆಪದಲ್ಲಿ ತೊಳೆಯದ ತೊಟ್ಟೆಯನ್ನು ಆ ಮಹಿಳೆಯರ ಕೈಗೆ ಕೊಡುವ ಹಕ್ಕು ನಮಗಿಲ್ಲ.

ಏಕೆಂದರೆ ಮೊದಲ ಪ್ರಶ್ನೆ ಇನ್ನೂ ಮುಗಿದಿಲ್ಲ. 2024ರ ಜುಲೈಯಲ್ಲಿ ತಿರುವನಂತಪುರದ ರೈಲು ನಿಲ್ದಾಣದ ಕೆಳಗೆ ಹರಿಯುವ ಆಮಯಿಳಂಜಾನ್ ತೋಡಿನಲ್ಲಿ ಕಸ ತೆಗೆಯಲು ಇಳಿದ ಕೂಲಿಗಾರನೊಬ್ಬ ಮಳೆನೀರಿನ ಸೆಳೆತಕ್ಕೆ ಸಿಕ್ಕಿ ಮರೆಯಾದ. ಕಸದ ನಡುವೆ ಹುಡುಕಿ ಹುಡುಕಿ ಮೂರನೆಯ ದಿನ ಹೆಣ ಸಿಕ್ಕಿತು. ಅವನನ್ನು ಮುಚ್ಚಿದ ಆ ಕಸ ಎಲ್ಲೋ ಯಾರೋ ವಿಂಗಡಿಸದೆ ಎಸೆದದ್ದು.

ಚುಡಲಮುತ್ತು ಬಯಸಿದ್ದು ತನ್ನ ಮಗ ತೋಟಿಯಾಗಬಾರದೆಂದು. ಹಾಗೆ ಬಯಸಿದವನು ಒಬ್ಬಂಟಿಯಾಗಿಯೇ ಸೋತ, ಏಕೆಂದರೆ ಪೇಟೆಗೆ ತೋಟಿ ಬೇಕಾಗಿದ್ದ. ಕಸ ಹುಟ್ಟಿದ ಮನೆಯಲ್ಲಿಯೇ ಅದಕ್ಕೆ ಅರ್ಧ ದಾರಿ ಸಿಕ್ಕಿದರೆ ಪೇಟೆಗೆ ಅವನ ಅಗತ್ಯ ಅಷ್ಟು ಕಡಿಮೆಯಾಗುತ್ತದೆ. ಇದು ಸ್ವಚ್ಛತೆಯ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅಡುಗೆಮನೆಯಲ್ಲಿ ಎರಡು ಪಾತ್ರೆಗಳನ್ನು ಬೇರೆ ಬೇರೆ ಇಡುವ ಶ್ರಮ ನಮಗೆ ಕೆಲವು ನಿಮಿಷಗಳದು. ಅದನ್ನು ನಾವು ಉಳಿಸಿಕೊಂಡರೆ ಇನ್ನೊಬ್ಬರ ಮಗಳು ಬರಿಗೈಯಲ್ಲಿ ಅದನ್ನು ತೀರಿಸಬೇಕಾಗುತ್ತದೆ.