ಸಣ್ಣ ದನಿಯ ಬಂದೂಕು

ಬೀರೂರು ಜಂಕ್ಷನ್ನೆಂದರೆ ಅನೇಕರಿಗೆ ನೆನಪಾಗುವುದು ಶಿವಮೊಗ್ಗೆಯ ಕಡೆಗೆ ಕವಲೊಡೆಯುವ ರೈಲುಹಾದಿ. ನನಗೆ ಅದರೊಡನೆ ಇನ್ನೊಂದು ನೆನಪೂ ಬೆರೆತಿದೆ. ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಖಾಕಿ ತೊಟ್ಟು ಎನ್.ಸಿ.ಸಿ. ಶಿಬಿರಕ್ಕೆಂದು ನಾನು ಹೊರಟದ್ದು ಆ ನಿಲ್ದಾಣದಿಂದಲೇ. ಆ ಶಿಬಿರದಲ್ಲಿ ಮೊದಲ ಬಾರಿಗೆ ನನ್ನ ಕೈಗೆ ರೈಫಲ್ ಬಂದಿತು. ಅದನ್ನು ನಾವು ‘ಪಾಯಿಂಟ್ ಟೂ ಟೂ’ ಎನ್ನುತ್ತಿದ್ದೆವು.

ಅದು ಯುದ್ಧಕ್ಕಾಗಿ ಹುಟ್ಟಿದ ಆಯುಧವಲ್ಲ, ಕಲಿಕೆಗಾಗಿ ಹುಟ್ಟಿದ್ದು. ದೊಡ್ಡ ರೈಫಲ್ಲಿನ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಇರುತ್ತದೆ. ಇದರಲ್ಲಾದರೋ ಆ ಮದ್ದು ತಳದ ಸುತ್ತಣ ಅಂಚಿನ ಮಡಿಕೆಯೊಳಗೆ ಅಡಗಿರುತ್ತದೆ. ಬಡಿಗೂಟವು ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ. ಜಜ್ಜಬೇಕಾದರೆ ಹಿತ್ತಾಳೆ ತೆಳುವಾಗಿರಬೇಕು; ತೆಳುವಾದದ್ದು ಹೆಚ್ಚಿನ ಒತ್ತಡವನ್ನು ತಾಳದು. ಆದುದರಿಂದ ಈ ತೋಟಾ ಚಿಕ್ಕದಾಗಿಯೇ ಉಳಿಯಿತು. ಫ್ರಾನ್ಸಿನ ಫ್ಲೋಬೇರ್ 1845ರಲ್ಲಿ ತೋರಿದ ದಾರಿಯಲ್ಲಿ ಬೆಳೆದು, 1887ರಲ್ಲಿ ಅಮೆರಿಕದಲ್ಲಿ ಇಂದಿನ ರೂಪ ಪಡೆದ ಈ ತೋಟಾದ ಗುಂಡಿನ ತೂಕ ಸುಮಾರು 40 ಗ್ರೇನ್. ‘ತ್ರೀ ನಾಟ್ ತ್ರೀ’ಯ ಗುಂಡು 174 ಗ್ರೇನ್.

ಈ ದೌರ್ಬಲ್ಯವೇ ಗುಣವಾದದ್ದು ಬೋಅರ್ ಯುದ್ಧದ ತರುವಾಯ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದ ರೈತರ ಗುರಿಗಾರಿಕೆಯ ಮುಂದೆ ಬ್ರಿಟಿಷ್ ಸೈನ್ಯ ತತ್ತರಿಸಿತು. ತಮ್ಮವರಿಗೆ ಗುರಿಯಿಡುವುದನ್ನು ಕಲಿಸಬೇಕೆಂಬ ಅರಿವು ಆಗ ಮೂಡಿತು. ಇಂಗ್ಲೆಂಡಿನ ಕಾರ್ಮಿಕರೂ ಗುಮಾಸ್ತರೂ ಕ್ಲಬ್ಬು ಕಟ್ಟಿಕೊಂಡು ಸಣ್ಣ ರೈಫಲ್ ಹಿಡಿದರು. ಸೈನ್ಯವು ಹಳೆಯ ರೈಫಲ್ಲುಗಳ ನಳಿಗೆಯೊಳಗೆ ಕಿರುನಳಿಗೆಯನ್ನು ಕೂರಿಸಿತು. ಹೊರಗಿನ ಆಕಾರ, ಬೋಲ್ಟು, ಟ್ರಿಗರ್ ಎಲ್ಲ ಯುದ್ಧದ ರೈಫಲ್ಲಿನವೇ; ಸದ್ದು, ಒದೆತ, ಖರ್ಚು ಮಾತ್ರ ಕಡಿಮೆ. ತೋಟಾವನ್ನು ಒಂದೊಂದಾಗಿ ಕೈಯಿಂದಲೇ ತುಂಬಬೇಕು. ಖಾಲಿ ಮ್ಯಾಗಜೀನು ಸುಟ್ಟ ಕೊಳವೆಗಳು ಬೀಳುವ ಪೆಟ್ಟಿಗೆಯಾಯಿತು.

ಆದರೆ ಇಂಗ್ಲೆಂಡಿನ ಗುಮಾಸ್ತನನ್ನು ನಂಬಿದ ಸಾಮ್ರಾಜ್ಯ ನಮ್ಮವರನ್ನು ನಂಬಲಿಲ್ಲ. 1878ರ ಆಯುಧ ಕಾಯ್ದೆಯ ಪ್ರಕಾರ ಬ್ರಿಟಿಷ್ ಇಂಡಿಯಾದ ಪ್ರಜೆಗೆ ಪರವಾನಗಿಯಿಲ್ಲದೆ ಬಂದೂಕಿಲ್ಲ. ಕೊಡವರಿಗೆ ದೊರೆತ ವಿನಾಯಿತಿ ಅಪರೂಪದ್ದು. ಮಹಾಯುದ್ಧದ ಒತ್ತಡದಲ್ಲಿ, 1917ರಲ್ಲಿ, ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿದಳಗಳಿಗೆ ಬಾಗಿಲು ತುಸು ತೆರೆಯಿತು. ಅದು ಪೂರ್ತಿ ತೆರೆದದ್ದು ಸ್ವಾತಂತ್ರ್ಯಾನಂತರ. ಹೃದಯನಾಥ ಕುಂಜ್ರೂ ಸಮಿತಿಯ ಸಲಹೆಯಂತೆ 1948ರಲ್ಲಿ ಎನ್.ಸಿ.ಸಿ. ಹುಟ್ಟಿತು, ಮರುವರ್ಷ ಹೆಣ್ಣುಮಕ್ಕಳ ವಿಭಾಗವೂ ಬಂದಿತು.

ಇನ್ನು ನನ್ನ ಕಥೆ. ಮಣ್ಣಿನ ದಿಬ್ಬದ ಮುಂದೆ 25 ಗಜ ದೂರದಲ್ಲಿ ಬೋರಲು ಮಲಗಿದ್ದೆ. ಐದು ತೋಟಾ ಕೊಟ್ಟಿದ್ದರು. ಮೊದಲನೆಯದು ಸಿಡಿಯಲಿಲ್ಲ, ಬರಿಯ ಟಿಕ್ ಎಂದಿತು. ಅಂಚಿನ ಸುತ್ತ ಮದ್ದು ಸಮನಾಗಿ ಹರಡದಿದ್ದರೆ ಹಾಗಾಗುವುದುಂಟು. ಅದನ್ನರಿಯದ ನಾನು ರೈಫಲ್ ಹಿಡಿದೇ ಹಿಂದಕ್ಕೆ ತಿರುಗಿದೆ. ನಳಿಗೆ ಗೆಳೆಯರತ್ತ ಹೊರಳುತ್ತಿತ್ತು. ಉಸ್ತಾದರು ಹಾರಿ ಬಂದು ಅದನ್ನು ದಿಬ್ಬದತ್ತ ತಳ್ಳಿ ಅದುಮಿ ಹಿಡಿದರು. “ಸಿಡಿದದ್ದು ಹೋಯ್ತು, ಮುಗೀತು. ಸಿಡೀದೇ ಇರೋದನ್ನ ನಂಬಬ್ಯಾಡ ಮಗಾ” ಎಂದರು. ಆ ಸಣ್ಣ ಗುಂಡು ಮೈಲಿಯಾಚೆಗೂ ಹೋಗಬಲ್ಲುದೆಂದು, ಮನುಷ್ಯನನ್ನು ಕೊಲ್ಲಬಲ್ಲುದೆಂದು ಆಮೇಲೆ ತಿಳಿಯಿತು.

ನನ್ನನ್ನು ಎಬ್ಬಿಸಿ ಕಳಿಸುವರೆಂದುಕೊಂಡೆ. ಅವರು ಕೊಂಚ ಹೊತ್ತು ಕಾದು, ಬೋಲ್ಟು ಎಳೆದು, ಆ ತೋಟಾವನ್ನು ತೆಗೆದಿಟ್ಟು, ರೈಫಲ್ಲನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಉಳಿದ ನಾಲ್ಕನ್ನು ನಡುಗುತ್ತಲೇ ಹಾರಿಸಿದೆ. ಎರಡು ಕಾಗದಕ್ಕೆ ತಗುಲಿದವು.

ಮರಳಿ ಬಂದಾಗ ಬೀರೂರು ನಿಲ್ದಾಣದಲ್ಲಿ ಅಪ್ಪ ಕಾದಿದ್ದರು. ಜೀವಮಾನವಿಡೀ ಬಂದೂಕನ್ನು ಪೊಲೀಸರ ಹೆಗಲಲ್ಲಿ ಮಾತ್ರ ಕಂಡ ರೈತರು. ತೂತುಬಿದ್ದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ನಿನ್ನ ಕೈಗೇ ಕೊಟ್ಟರೇನೋ?” ಎಂದರು.

“ಎರಡು ಸಲ ಕೊಟ್ಟರು ಅಪ್ಪಾ” ಎಂದೆ. ಎರಡನೆಯ ಸಲದ ಬೆಲೆ ನನಗೊಬ್ಬನಿಗೇ ಗೊತ್ತಿತ್ತು.