ವ್ಯಸನಿಗೆ ಶಿಕ್ಷೆಯೋ ಚಿಕಿತ್ಸೆಯೋ: ಪಾಲಕರು ತಿಳಿದಿರಬೇಕಾದ ಕಾನೂನು

2024ರ ಫೆಬ್ರುವರಿಯಲ್ಲಿ ಪುಣೆ ಪೊಲೀಸರು ಸಾಂಗಲಿಯ ಕುಪವಾಡದಲ್ಲಿ ಮೆಫೆಡ್ರೋನ್ ದಾಸ್ತಾನನ್ನು ವಶಪಡಿಸಿಕೊಂಡರು. ಮರುತಿಂಗಳೇ ಕವಠೆ ಮಹಾಂಕಾಳ ತಾಲೂಕಿನ ಇರಳಿಯಲ್ಲಿ ಅದನ್ನು ತಯಾರಿಸುವ ಕಾರ್ಖಾನೆ ಪತ್ತೆಯಾಯಿತು. ‘ಎಂಡಿ’ ಎಂಬ ಹೆಸರಿನ ಈ ಪುಡಿ ದೂರದ ಮುಂಬಯಿಯ ಮಾತಾಗಿ ಉಳಿದಿಲ್ಲ. ಮನೆಯ ಹುಡುಗ ಇದಕ್ಕೆ ಬಲಿಯಾದರೆ ಹೆಚ್ಚಿನ ಕುಟುಂಬಗಳು ಪೊಲೀಸರ ಭಯದಿಂದ ವಿಷಯವನ್ನು ಮುಚ್ಚಿಡುತ್ತವೆ. ಆದರೆ ಮಾರುವವನಿಗೂ ವ್ಯಸನಕ್ಕೆ ಸಿಲುಕಿದವನಿಗೂ ಕಾನೂನು ಭೇದ ಮಾಡುತ್ತದೆ.

ಚಿಕಿತ್ಸೆಯ ದಾರಿ

ಮಾದಕ ದ್ರವ್ಯಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೆಯ ಕಲಮಿನ ಪ್ರಕಾರ ಸೇವನೆಯೂ ಅಪರಾಧವೇ. ಹೆರಾಯಿನ್, ಕೊಕೇನ್‌ಗಳಂಥವುಗಳ ಸೇವನೆಗೆ ಒಂದು ವರ್ಷದವರೆಗೆ, ಉಳಿದವುಗಳಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಆದರೆ ಅದೇ ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿ ಮುಂದೆ ಬಂದು, ಸರಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದ ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.

ಅಲ್ಪ ಪ್ರಮಾಣವೆಂದರೆ ಗಾಂಜಾ 1 ಕಿಲೋ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂ, ಮೆಫೆಡ್ರೋನ್ 2 ಗ್ರಾಂ. ಇದಕ್ಕೆ ಮೀರಿದ್ದಕ್ಕೆ ಈ ರಿಯಾಯಿತಿ ಇಲ್ಲ. ಕಾಯ್ದೆಯಲ್ಲಿ ‘ವ್ಯಸನಿ’ ಎಂದರೆ ಮಾದಕ ವಸ್ತುವಿನ ಅವಲಂಬನೆಗೆ ಒಳಗಾದವನು. ಆದ್ದರಿಂದ ವೈದ್ಯರ ತಪಾಸಣೆಯ ದಾಖಲೆ ಬಹಳ ಮುಖ್ಯ.

ಅಪರಾಧ ಸಾಬೀತಾದ ಮೇಲೂ 39ನೆಯ ಕಲಮು ಇನ್ನೊಂದು ಅವಕಾಶ ಕೊಡುತ್ತದೆ. ವಯಸ್ಸು, ನಡತೆ, ಪೂರ್ವಚರಿತ್ರೆ, ಆರೋಗ್ಯಗಳನ್ನು ಪರಿಗಣಿಸಿ ನ್ಯಾಯಾಲಯವು ತಕ್ಷಣ ಶಿಕ್ಷೆ ವಿಧಿಸುವ ಬದಲು, ವ್ಯಸನಿಯ ಒಪ್ಪಿಗೆ ಪಡೆದು ಅವನನ್ನು ಚಿಕಿತ್ಸೆಗೆ ಬಿಡಬಹುದು. ಅವನು ಬಾಂಡ್ ಬರೆದುಕೊಟ್ಟು, ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯನ್ನು ಒಪ್ಪಿಸಬೇಕು.

ಹದಿನೆಂಟು ತುಂಬದವರು

2015ರ ಬಾಲನ್ಯಾಯ ಕಾಯ್ದೆಯಂತೆ ಹದಿನೆಂಟು ವರ್ಷದೊಳಗಿನವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯು ವ್ಯಸನಮುಕ್ತಿ ಚಿಕಿತ್ಸೆಗೆ ಆದೇಶಿಸಬಹುದು. ಮಗುವಿನ ಹೆಸರು, ಶಾಲೆಗಳನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಮಕ್ಕಳಿಗೆ ಮಾದಕ ವಸ್ತು ಕೊಡುವವರಿಗೆ, ಅವರಿಂದ ಮಾರಾಟ ಮಾಡಿಸುವವರಿಗೆ ಮಾತ್ರ ಏಳು ವರ್ಷದವರೆಗೆ ಕಠಿಣ ಸೆರೆವಾಸವಿದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ಭಾಷೆಯ ತೊಡಕು

ಜತ್ತ ತಾಲೂಕಿನ ಎಷ್ಟೋ ಪಾಲಕರು ಮನೆಯಲ್ಲಿ ಕನ್ನಡ ಮಾತ್ರ ಬಲ್ಲವರು. ಠಾಣೆಯ ಕಾಗದಗಳೋ ಮರಾಠಿಯಲ್ಲಿರುತ್ತವೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ; ಓದಿ ಹೇಳಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಮಹಿಳೆಯರು, ಮಕ್ಕಳು, ಬಂಧನದಲ್ಲಿರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಲು ಅರ್ಹರು. ಆಪ್ತಸಮಾಲೋಚನೆಯಂತೂ ಮನಸ್ಸಿನ ಭಾಷೆಯಲ್ಲೇ ನಡೆಯಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಮಿರಜ ಅಥವಾ ಸಾಂಗಲಿಯ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಕನ್ನಡದಲ್ಲಿಯೇ ಚಿಕಿತ್ಸೆ ಬೇಕೆಂದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ನೆರವಿನ ಟೆಲಿ ಮಾನಸ್ 14416. ಮಕ್ಕಳ ಸಹಾಯವಾಣಿ 1098. ಹೋದಲ್ಲೆಲ್ಲ ಚೀಟಿ, ವರದಿಗಳನ್ನು ಕಾದಿಡಿರಿ. ನ್ಯಾಯಾಲಯದಲ್ಲಿ ಅವೇ ಸಾಕ್ಷಿ.

ಶಿಕ್ಷಕರಾದ ನಮಗೂ ಹೊಣೆಯಿದೆ. ತರಗತಿಯಲ್ಲಿ ಒಬ್ಬ ಹುಡುಗ ಕಳೆಗುಂದುತ್ತಿದ್ದರೆ ಅವನ ಹೆಸರನ್ನು ಹಾಜರಿಯಿಂದ ಹೊಡೆದುಹಾಕುವ ಮೊದಲು ಅವನ ಮನೆಯ ಬಾಗಿಲು ತಟ್ಟೋಣ. ಮುಚ್ಚಿಟ್ಟ ರೋಗ ಬೆಳೆಯುತ್ತದೆ. ಸಕಾಲದಲ್ಲಿ ಹೇಳಿಕೊಂಡರೆ ಅದಕ್ಕೆ ಮದ್ದೂ ಇದೆ, ಕಾನೂನಿನ ಆಸರೆಯೂ ಇದೆ.