ಕಾರವಾನ್ ಕಟ್ಟುವ ಮುನ್ನ: ಭಾರ ಹಂಚುವ ಹಿಚ್‌ನ ಆಯ್ಕೆ

ಭಾರ ಹಂಚುವ ಹಿಚ್ ಎಂದರೆ ಕಾರು ಮತ್ತು ಟ್ರೇಲರಿನ ನಡುವಿನ ಒಂದು ಬಗೆಯ ಕೊಂಡಿ. ಟ್ರೇಲರಿನ ಮೂತಿ ಕಾರಿನ ಹಿಂಭಾಗದ ಮೇಲೆ ಹೇರುವ ಭಾರದಲ್ಲಿ ಒಂದು ಪಾಲನ್ನು ಕಾರಿನ ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ದಾಟಿಸುವುದು ಇದರ ಕೆಲಸ. ಉತ್ತರ ಅಮೆರಿಕದಲ್ಲಿ ಇದರ ಬಳಕೆ ಹೆಚ್ಚು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಾಗಲಿ, ಬೆಂಗಳೂರಿನ ವಿಜಯನಗರ, ಕೆಂಗೇರಿ ಕಡೆ ಎಸ್‌ಯುವಿ ಇಟ್ಟುಕೊಂಡು ಚಿಕ್ಕ ಕಾರವಾನ್ ಕಟ್ಟುವ ಯೋಚನೆಯಲ್ಲಿರುವವರಾಗಲಿ, ಮೊದಲು ತಿಳಿಯಬೇಕಾದ್ದು ಒಂದೇ: ಹಿಚ್ ಭಾರವನ್ನು ಹಂಚುತ್ತದೆ, ಇಳಿಸುವುದಿಲ್ಲ.

ಮುಂಭಾರ, ಹಿಂಭಾರ

ಎತ್ತಿನ ಗಾಡಿಗೆ ಹೇರು ತುಂಬುವವರು ಮುಂಭಾರ, ಹಿಂಭಾರ ನೋಡಿಯೇ ತುಂಬುತ್ತಾರೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕುತ್ತಿಗೆಯನ್ನು ಎಳೆಯುತ್ತದೆ; ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಟ್ರೇಲರಿನ ಲೆಕ್ಕವೂ ಇದೇ. ಅಮೆರಿಕದ ರೂಢಿಯಲ್ಲಿ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಇದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಎಡಬಲ ಓಲಾಡತೊಡಗುತ್ತದೆ, ಆ ಓಲಾಟ ಕಾರನ್ನೂ ಎಳೆದಾಡುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ತಗ್ಗಿ ಮೂತಿ ಏಳುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ತಗ್ಗುತ್ತದೆ, ಹೆಡ್‌ಲೈಟ್ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಕೆಲಸ ಮಾಡುವ ಬಗೆ

ಕಾರಿನ ಹಿಂದಿನ ಹಿಚ್ ತಲೆಯಿಂದ ಎರಡು ಗಟ್ಟಿ ಸ್ಪ್ರಿಂಗ್ ಪಟ್ಟಿಗಳು ಹೊರಟು ಟ್ರೇಲರಿನ ಚೌಕಟ್ಟಿಗೆ ಸರಪಳಿ ಅಥವಾ ಬ್ರಾಕೆಟ್ ಮೂಲಕ ಬಿಗಿಯುತ್ತವೆ. ಬಿಗಿದ ಪಟ್ಟಿಗಳು ಸನ್ನೆಗೋಲಾಗಿ ಕಾರಿನ ಹಿಂಭಾಗವನ್ನು ಮೇಲಕ್ಕೆ ಮೀಟುತ್ತವೆ.

ಒಂದು ಲೆಕ್ಕ ನೋಡೋಣ. ತುಂಬಿದ ಟ್ರೇಲರ್ 1,500 ಕೆ.ಜಿ., ಕೊಂಡಿಯ ಭಾರ 180 ಕೆ.ಜಿ. ಇರಲಿ. ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.75 ಮೀಟರ್ (ಇನ್ನೋವಾ ಕ್ರಿಸ್ಟಾದ ಅಳತೆ ಇದು). ಕೊಂಡಿ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ ಎಂದುಕೊಳ್ಳಿ. ಸಾಧಾರಣ ಕೊಂಡಿಯಾದರೆ ಮುಂದಿನ ಚಕ್ರಗಳು ಸುಮಾರು 79 ಕೆ.ಜಿ. ಭಾರ ಕಳೆದುಕೊಳ್ಳುತ್ತವೆ, ಹಿಂದಿನವುಗಳ ಮೇಲೆ 259 ಕೆ.ಜಿ. ಹೆಚ್ಚುತ್ತದೆ. ಭಾರ ಹಂಚುವ ಹಿಚ್ ಬಿಗಿದು ಮುಂದಿನ ನಷ್ಟದ ಅರ್ಧವನ್ನು ಮರಳಿಸಿದರೆ, ಹಿಂದಿನ ಚಕ್ರಗಳ ಹೆಚ್ಚುವರಿ ಸುಮಾರು 198 ಕೆ.ಜಿ.ಗೆ ಇಳಿಯುತ್ತದೆ. ಕೊಂಡಿಯಿಂದ ಟ್ರೇಲರಿನ ಆಕ್ಸಲ್ 4 ಮೀಟರ್ ದೂರದಲ್ಲಿದ್ದರೆ ಅದಕ್ಕೆ ಸುಮಾರು 21 ಕೆ.ಜಿ. ಸೇರುತ್ತದೆ. ಒಟ್ಟು ತೂಕದಲ್ಲಿ ಒಂದು ಕಿಲೋ ಕೂಡ ಕಡಿಮೆಯಾಗಿಲ್ಲ. ಹಾಗಾಗಿ ಈ ಹಿಚ್ ಹಾಕಿಸಿದ ಮಾತ್ರಕ್ಕೆ ಕಾರಿನ ಎಳೆಯುವ ಮಿತಿ ಹೆಚ್ಚುವುದಿಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ

ಭಾರತದಲ್ಲಿ 750 ಕೆ.ಜಿ.ವರೆಗಿನ ಟ್ರೇಲರ್ ಟಿ1 ವರ್ಗಕ್ಕೆ, ಅಲ್ಲಿಂದ 3,500 ಕೆ.ಜಿ.ವರೆಗಿನದು ಟಿ2 ವರ್ಗಕ್ಕೆ ಸೇರುತ್ತದೆ. ಟಿ1 ಟ್ರೇಲರನ್ನು ಸರಿಯಾಗಿ ತುಂಬಿದರೆ 50 ಮಿ.ಮೀ. ಗುಂಡಿನ ಸಾಧಾರಣ ಕೊಂಡಿಯೇ ಸಾಕು. ಯುರೋಪಿನಲ್ಲಿ ಕೊಂಡಿಯ ಭಾರವನ್ನೇ ಕಡಿಮೆ ಇಟ್ಟು, ಓಲಾಟ ತಡೆಯಲು ಗುಂಡನ್ನು ಒತ್ತಿ ಹಿಡಿಯುವ ಸ್ಟೆಬಿಲೈಸರ್ ಬಳಸುತ್ತಾರೆ. ಹಗುರ ಕಾರವಾನಿಗೆ ಆ ದಾರಿಯೇ ಲೇಸು. ಟ್ರೇಲರಿಗೆ ತಳ್ಳುಬಲದಿಂದ ಹಿಡಿಯುವ ಬ್ರೇಕ್ ಇದ್ದರೆ, ಸ್ಪ್ರಿಂಗ್ ಪಟ್ಟಿಗಳು ಅದಕ್ಕೆ ಅಡ್ಡಿಯಾಗುತ್ತವೆಯೇ ಎಂದು ತಯಾರಕರಿಂದ ಖಚಿತಪಡಿಸಿಕೊಳ್ಳಿ.

ಮೊದಲು ವೇಬ್ರಿಡ್ಜ್

ಅಂದಾಜು ನಂಬಬೇಡಿ. ನೀರು, ಗ್ಯಾಸ್, ಪಾತ್ರೆ, ಹಾಸಿಗೆ ಎಲ್ಲ ತುಂಬಿಕೊಂಡು ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಕಾರನ್ನಷ್ಟೇ ತೂಗಿಸಿ. ನಂತರ ಟ್ರೇಲರ್ ಕಟ್ಟಿ, ಅದರ ಚಕ್ರಗಳು ತಟ್ಟೆಯ ಹೊರಗಿರುವಂತೆ ಕಾರನ್ನು ತೂಗಿಸಿ. ಎರಡರ ವ್ಯತ್ಯಾಸವೇ ಕೊಂಡಿಯ ಭಾರ. ಮುಂದಿನ ಚಕ್ರಗಳನ್ನಷ್ಟೇ ತಟ್ಟೆಗೆ ಹತ್ತಿಸಿ ಅವುಗಳದ್ದೂ ಚೀಟಿ ಪಡೆಯಿರಿ. ಕೊಂಡಿಯ ಭಾರಕ್ಕೆ ಡಿಕ್ಕಿಯ ಸಾಮಾನಿನ ತೂಕ ಸೇರಿಸಿ ಪಟ್ಟಿ ಆರಿಸಬೇಕು: 180ಕ್ಕೆ 40 ಸೇರಿದರೆ 220 ಕೆ.ಜಿ., ಅಂದರೆ ಸುಮಾರು 485 ಪೌಂಡ್. ಇದಕ್ಕೆ 600 ಪೌಂಡಿನ ಪಟ್ಟಿ ಹೊಂದುತ್ತದೆ. ಸಾವಿರ ಪೌಂಡಿನದು ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಅತಿ ಗಡುಸಾದ ಪಟ್ಟಿ ಚೌಕಟ್ಟಿಗೇ ಪೆಟ್ಟು ಕೊಡುತ್ತದೆ.

ಕೈಪಿಡಿ ಮತ್ತು ಕಾನೂನು

ಭಾರತದಲ್ಲಿ ಮಾರುವ ಹಲವು ಕಾರುಗಳ ಕೈಪಿಡಿಯಲ್ಲೇ ಟ್ರೇಲರ್ ಎಳೆಯಬೇಡಿ ಎಂಬ ಸೂಚನೆ ಇರುತ್ತದೆ. ಅಂಥ ಕಾರಿಗೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಎಷ್ಟು ಚೆನ್ನಾಗಿ ವೆಲ್ಡಿಂಗ್ ಮಾಡಿಸಿದರೂ ಪ್ರಯೋಜನವಿಲ್ಲ, ಬಾಡಿ ಆ ಮೀಟುಬಲ ತಡೆಯುವಂತೆ ಕಟ್ಟಿದ್ದಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಟ್ರೇಲರಿಗೂ ನೋಂದಣಿ ಬೇಕು. ಖರೀದಿಗೆ ಮುನ್ನವೇ ರಾಜಾಜಿನಗರದ ಕೆಎ-02 ಅಥವಾ ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ರಸ್ತೆಯಲ್ಲಿ

ಹಂಪ್, ಆಳದ ತಗ್ಗು ಮತ್ತು ಕಡಿದಾದ ರ‍್ಯಾಂಪ್‌ಗಳಲ್ಲಿ ಪಟ್ಟಿಗಳ ಮೇಲೆ ಒಮ್ಮೆಲೇ ಒತ್ತಡ ಬೀಳುತ್ತದೆ. ನಿಧಾನವಾಗಿ ದಾಟಿ, ತೀರಾ ಕಡಿದಾಗಿದ್ದರೆ ಪಟ್ಟಿ ಕಳಚಿ. ಕೆಂಗೇರಿ ದಾಟಿ ಮೈಸೂರು ಹೆದ್ದಾರಿ ಸಿಕ್ಕೊಡನೆ ವೇಗ ಏರಿಸುವ ಆಸೆ ಬೇಡ. ಜರ್ಮನಿಯಲ್ಲೂ ಕಾರವಾನ್ ಎಳೆಯುವ ಕಾರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ. ಓಲಾಟ ಶುರುವಾದರೆ ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಆಮೇಲೆ ಗಾಡಿ ನಿಲ್ಲಿಸಿ ಭಾರದ ಸಾಮಾನನ್ನು ಆಕ್ಸಲ್‌ಗಿಂತ ತುಸು ಮುಂದಕ್ಕೆ ಸರಿಸಿ. ಓಲಾಟದ ಮೂಲ ಬಹುಪಾಲು ಅಲ್ಲೇ ಇರುತ್ತದೆ. ಎಷ್ಟೇ ದುಬಾರಿ ಹಿಚ್ ತಂದರೂ ತಪ್ಪಾಗಿ ತುಂಬಿದ ಹೇರನ್ನು ಅದು ಸರಿಪಡಿಸದು.